ಸತ್ತ ಮೀನು ಹೂಳುವ ಮುನ್ನ

ಯಲಹಂಕದ ಸುತ್ತಮುತ್ತ ಕೆರೆಯಲ್ಲಿ ಮೀನು ಸಾಯತೊಡಗಿದರೆ ಗುತ್ತಿಗೆ ಹಿಡಿದವರು ನನಗೂ ಒಂದು ಫೋನು ಮಾಡುತ್ತಾರೆ. ರೋಗಪತ್ತೆ ಲ್ಯಾಬಿನಲ್ಲಿದ್ದು ನಿವೃತ್ತನಾದವನು ಎಂಬ ಸಲುಗೆ. “ಸಾರ್, ಕಾಟ್ಲಾ ತೇಲ್ತಾ ಇದಾವೆ.” ನನ್ನ ಉತ್ತರವೂ ಒಂದೇ: “ತೇಲಿರೋದು ಬೇಡಪ್ಪ, ಇನ್ನೂ ಕಿವಿರು ಆಡಿಸ್ತಿರೋದನ್ನ ಹಿಡಿದಿಡು.” ಸತ್ತ ಮೀನಿನೊಳಗೆ ಕೆಲವೇ ಗಂಟೆಗಳಲ್ಲಿ ಕಂಡಕಂಡ ಬ್ಯಾಕ್ಟೀರಿಯಾ ನುಗ್ಗಿ, ಕೊಂದದ್ದು ಯಾವುದೆಂದು ತಿಳಿಯದಂತಾಗುತ್ತದೆ. ಸಾಯುತ್ತಿರುವ ಮೀನಿನ ಮೂತ್ರಪಿಂಡದಿಂದ ತೆಗೆದ ಮಾದರಿ ಮಾತ್ರ ಸಾಕ್ಷಿ ಹೇಳುತ್ತದೆ.

ಆದರೆ ಮಾದರಿ ತೆಗೆಯುವ ಹೊತ್ತಿಗೆ ಹೂತಾಗಿರುತ್ತದೆ. ಕಾರಣವೂ ಸಿದ್ಧ: ಕೊಳಚೆ ನೀರು, ಆಮ್ಲಜನಕದ ಕೊರತೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ಮೀನು ಸತ್ತಾಗ ಕೇಳಿದ್ದೂ ಅದನ್ನೇ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಉಸಿರುಕಟ್ಟಿದ ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುತ್ತದೆ, ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ರೋಗದ ಸಾವು ಹಾಗಲ್ಲ. ಇವತ್ತು ನಾಲ್ಕು, ನಾಳೆ ಹತ್ತು. ರೆಕ್ಕೆಯ ಬುಡದಲ್ಲಿ ರಕ್ತ ಕಟ್ಟಿರುತ್ತದೆ, ಹೊಟ್ಟೆ ಊದಿ ಹುರುಪೆ ನಿಗುರಿ ನಿಂತಿರುತ್ತದೆ. ಇದನ್ನೂ ನಾವು ಕೊಳಚೆಯ ಲೆಕ್ಕಕ್ಕೇ ಬರೆದು ಕೈ ತೊಳೆಯುತ್ತೇವೆ.

ಲ್ಯಾಬಿಗೆ ಹೋದರೂ ‘ಏರೋಮೊನಾಸ್ ಹೈಡ್ರೋಫಿಲಾ ಇದೆ’ ಎಂಬ ವರದಿ ಬಂದರೆ ಏನು ಬಂತು? ಆ ಗುಂಪಿನ ಬ್ಯಾಕ್ಟೀರಿಯಾ ಇಲ್ಲದ ಕೆರೆಯೇ ಇಲ್ಲ. ಯಶವಂತಪುರ ಸರ್ಕಲ್ಲಿನಲ್ಲಿ ಗುದ್ದಿ ಓಡಿದ್ದು ಬಿಳಿ ಕಾರು ಎಂದಷ್ಟೇ ದೂರು ಕೊಟ್ಟ ಹಾಗೆ. ನಂಬರ್ ಪ್ಲೇಟ್ ಬೇಕು. ಬ್ಯಾಕ್ಟೀರಿಯಾ ಬದುಕಲು ಬೇಕೇಬೇಕಾದ ಆರೇಳು ಜೀನುಗಳನ್ನು ಓದಿ, ಅವುಗಳ ಸಣ್ಣಪುಟ್ಟ ವ್ಯತ್ಯಾಸದ ಮೇಲೆ ತಳಿಗೊಂದು ನಂಬರು ಕೊಡುವ ವಿಧಾನ ಬಂದು ಕಾಲು ಶತಮಾನ ದಾಟಿದೆ. 2009ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಸಾಕಿದ ಕ್ಯಾಟ್‌ಫಿಶ್ ಸಾಯತೊಡಗಿದಾಗ, ಕೊಲ್ಲುತ್ತಿದ್ದದ್ದು ಎಸ್‌ಟಿ251 ಎಂಬ ಉಗ್ರ ತಳಿ, ಅದರ ಹತ್ತಿರದ ಸಂಬಂಧಿ ಚೀನಾದ ಹುಲ್ಲುಗೆಂಡೆಯಲ್ಲಿದೆ ಎಂದು ತಿಳಿದದ್ದು ಹೀಗೆ ಜೀನು ಓದಿಯೇ.

ನಮ್ಮಲ್ಲಿ ಇದರಿಂದ ತೀರ್ಮಾನವಾಗಬೇಕಾದದ್ದು ದುಡ್ಡಿನ ಪ್ರಶ್ನೆ. ಒಂದೇ ಕಡೆಯ ಮರಿ ಬಿಟ್ಟ ಮೂರು ಕೆರೆಗಳಲ್ಲಿ ಒಂದೇ ತಳಿ ಸಿಕ್ಕಿದರೆ ಮರಿ ಕೊಟ್ಟವರನ್ನು ಕೇಳಬೇಕು. ಮೂರೂ ಬೇರೆಯಾದರೆ ಆಯಾ ಕೆರೆಯ ನೀರನ್ನು ನೋಡಬೇಕು. ಈಗ ನಷ್ಟವೆಲ್ಲ ಗುತ್ತಿಗೆದಾರನ ತಲೆಗೆ. ಅವನು ಯಾರೋ ಹೇಳಿದ ಆಂಟಿಬಯಾಟಿಕ್ಕನ್ನು ತೌಡು-ಹಿಂಡಿಗೆ ಬೆರೆಸಿ ಸುರಿಯುತ್ತಾನೆ. ಔಷಧಕ್ಕೆ ಜಗ್ಗದ ತಳಿ ತಯಾರಾಗುವುದು ಹೀಗೇ.

ಯಂತ್ರಗಳಿಗೆ ಬರವಿಲ್ಲ. ಯಲಹಂಕದಲ್ಲೇ ಪಶುರೋಗಗಳ ಜಾಡು ಹಿಡಿಯುವ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ ಇದೆ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜಿದೆ, ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ಜೀನು ಓದುವ ಸೌಲಭ್ಯವಿದೆ. ಬೇಕಿರುವುದು ಮೀನನ್ನು ಜೀವಂತ ತಲುಪಿಸುವವರು, ಬೆಳೆಸಿದ ಬ್ಯಾಕ್ಟೀರಿಯಾವನ್ನು ಮೈನಸ್ 80 ಡಿಗ್ರಿಯಲ್ಲಿ ಕಾಪಿಡುವವರು. ಖರ್ಚು ಯಾರದೆನ್ನುತ್ತೀರಾ? ಕೆರೆ ಹರಾಜಿನಿಂದ ಸರ್ಕಾರಕ್ಕೆ ಬರುವ ಹಣದಲ್ಲೇ ಒಂದು ಪಾಲು ತೆಗೆದಿಡಲಿ.

ಮರಿ ಮಾರುವವರು ತಕರಾರು ತೆಗೆಯುತ್ತಾರೆ, ಅದರಲ್ಲೂ ಸ್ವಲ್ಪ ನ್ಯಾಯವಿದೆ. ಒಂದು ಕೆರೆಯ ಬಲೆ ಇನ್ನೊಂದಕ್ಕೆ ಹೋದರೂ ರೋಗ ಜೊತೆಗೇ ಹೋಗುತ್ತದೆ. ಆದ್ದರಿಂದ ಆಕ್ಸಿಜನ್ ತುಂಬಿದ ಚೀಲ ಬಿಚ್ಚಿ ಮರಿ ಇಳಿಸುವ ದಿನವೇ, ಪ್ರತಿ ಲೋಡಿನಿಂದ ಹತ್ತಿಪ್ಪತ್ತು ಮರಿಗಳ ಮಾದರಿಯನ್ನು ಮಾರಿದವರು, ಗುತ್ತಿಗೆದಾರ ಇಬ್ಬರ ಎದುರೂ ತೆಗೆದು ಸೀಲು ಹಾಕಬೇಕು. ಹರಾಜಿನ ಷರತ್ತುಗಳಲ್ಲಿ ಇದೊಂದು ಸಾಲು ಸೇರಲಿ.