ಹಡಗಿನ ಬಸ್ಸು ಹತ್ತಬೇಡಿ

ಮೆಡಿಟರೇನಿಯನ್ ಕ್ರೂಸ್ ಮುಗಿಸಿ ಬಂದ ನಮ್ಮವರನ್ನು ನೇಪಲ್ಸ್ ಹೇಗಿತ್ತು ಅಂತ ಕೇಳಿ ನೋಡಿ. ಪಾಂಪೆಯ ಬಿಸಿಲು, ಗೈಡಿನ ಛತ್ರಿ, ಬಸ್ಸಿನ ಏಸಿ ಎಲ್ಲ ಬರುತ್ತದೆ, ನೇಪಲ್ಸ್ ಮಾತ್ರ ಬರುವುದಿಲ್ಲ. ಮೊದಲ ಸಲ ನಾನೂ ಅದನ್ನೇ ಮಾಡಿದವನು. ತಲೆಗೆ ನೂರು ಯೂರೋ ಹತ್ತಿರ ಕೊಟ್ಟು ಹಡಗಿನ ಬಸ್ಸು ಹತ್ತಿದೆ. ಪಾಂಪೆಯಲ್ಲಿ ಒಂದೂವರೆ ಗಂಟೆ, ಚಿಪ್ಪಿನಲ್ಲಿ ಕೆತ್ತಿದ ಆಭರಣ ಮಾರುವ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ಅಲ್ಲಿ ಶೌಚಾಲಯಕ್ಕೆ ಹೋಗಬೇಕೆಂದರೂ ಇಡೀ ಅಂಗಡಿ ಸುತ್ತಿಯೇ ಹೋಗಬೇಕು.

ನಾಚಿಕೆಯಾದದ್ದು ಮನೆಗೆ ಬಂದು ನಕ್ಷೆ ಬಿಡಿಸಿದಾಗ. ನೇಪಲ್ಸ್‌ನಲ್ಲಿ ಹಡಗು ನಿಲ್ಲುವುದು ಊರಿನ ಹೊಸ್ತಿಲಲ್ಲೇ. ಟರ್ಮಿನಲ್ ದಾಟಿ ರಸ್ತೆಗೆ ಬಂದರೆ ಎದುರಿಗೇ 13ನೇ ಶತಮಾನದ ಕಾಸ್ತೆಲ್ ನುವೋವೊ ಕೋಟೆ, ಅದರ ಪಕ್ಕದಲ್ಲಿ ಮುನಿಚಿಪಿಯೊ ಮೆಟ್ರೋ ನಿಲ್ದಾಣ. ಆ ನಿಲ್ದಾಣಕ್ಕೆ ಅಗೆಯುವಾಗ ರೋಮನ್ ಕಾಲದ ಬಂದರೂ ಹೂತುಹೋದ ಹಡಗುಗಳೂ ಸಿಕ್ಕವು. ಎರಡು ಸಾವಿರ ವರ್ಷದ ಹಿಂದೆಯೂ ಜನ ಹಡಗಿಳಿದು ಕಾಲ್ನಡಿಗೆಯಲ್ಲಿ ಊರು ಹೊಕ್ಕ ಜಾಗ ಅದು. ನಮಗೆ ಮಾತ್ರ ಬಸ್ಸು ಬೇಕು.

ಎರಡನೇ ಸಲ ಅವ್ವನ ಜೊತೆ ಹೋದೆ. ಟೂರ್ ಮ್ಯಾನೇಜರ್ ಅವಳಿಗೆ, "ಆಂಟಿ, ಇದು ಕಳ್ಳರ ಊರು, ಬಸ್ಸಲ್ಲೇ ಬನ್ನಿ" ಅಂದ. 26 ವರ್ಷ ಡೊಂಬಿವಲಿಯಿಂದ ವಿ.ಟಿ.ಗೆ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗಿಬಂದ ಹೆಂಗಸಿಗೆ ಜೇಬುಗಳ್ಳರ ಭಯ ಹೇಳುತ್ತಿದ್ದಾನೆ! ಕಳ್ಳರಿಲ್ಲವೆಂದಲ್ಲ, ರೈಲಿನಲ್ಲಿ, ಗದ್ದಲದಲ್ಲಿ ಇದ್ದಾರೆ. ದಾದರಿನಲ್ಲಿ ಬ್ಯಾಗು ಎದೆಗೆ ಅವುಚಿಕೊಳ್ಳುವ ಹಾಗೆ ಅಲ್ಲೂ ಅವುಚಿಕೊಂಡರಾಯಿತು. ಸ್ಪಾಕ್ಕಾನಾಪೊಲಿ ಓಣಿಗೆ ಹೊಕ್ಕು, ಮೇಲೆ ಒಣಹಾಕಿದ ಬಟ್ಟೆ, ಮೈಮೇಲೇ ಬರುವ ಸ್ಕೂಟರು ನೋಡಿ ಅವ್ವ ಅಂದಳು: "ಇದೇನ ಹೊಸಾದು? ನಮ್ಮ ಭುಲೇಶ್ವರಧಾಂಗ ಅದ."

ಅಲ್ಲಿಂದ ಪುರಾತತ್ತ್ವ ಮ್ಯೂಸಿಯಂಗೆ ಹೋದೆವು (ಮಂಗಳವಾರ ರಜೆ, ನೆನಪಿಡಿ). ಬಂದರಿನಿಂದ ಮೆಟ್ರೋದಲ್ಲಾದರೆ ಮೂರನೇ ನಿಲ್ದಾಣ. ನನ್ನ ಸಿಟ್ಟು ಇರುವುದೇ ಇಲ್ಲಿ. ಪಾಂಪೆಯ ಒಳ್ಳೊಳ್ಳೆಯ ಭಿತ್ತಿಚಿತ್ರ, ಮೊಸಾಯಿಕ್‌ಗಳಲ್ಲಿ ಬಹಳಷ್ಟು ಎಂದೋ ಈ ಮ್ಯೂಸಿಯಂ ಸೇರಿವೆ. ಬಸ್ಸಿನವರು ಹಡಗಿನ ಬುಡದಲ್ಲೇ ಇರುವ ಇದನ್ನು ಬಿಟ್ಟು, ಅವು ಹಿಂದೆ ಇದ್ದ ಗೋಡೆಗಳನ್ನು ತೋರಿಸಲು ದೂರ ಒಯ್ಯುತ್ತಾರೆ. ಗೋಡೆಗಳನ್ನೂ ನೋಡಬೇಕು, ಒಪ್ಪುತ್ತೇನೆ. ಆದರೆ ಈ ಮ್ಯೂಸಿಯಂನ 'ಗುಪ್ತ ಕೋಣೆ'ಯಲ್ಲಿ ಗೇಣುದ್ದದ ಒಂದು ದಂತದ ಹೆಣ್ಣು ನಿಂತಿದ್ದಾಳೆ. ನಮ್ಮ ದೇಶದವಳು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿಯುವ ಮೊದಲೇ ಅಲ್ಲಿಗೆ ತಲುಪಿದ್ದವಳು, ಬೂದಿಯಡಿಯಿಂದ 1938ರಲ್ಲಿ ಹೊರಗೆ ಬಂದವಳು. 'ಪಾಂಪೆ ಲಕ್ಷ್ಮಿ' ಎಂದು ಹೆಸರು ಬಿದ್ದಿದೆ. ಯಕ್ಷಿಯೇ ಇರಬೇಕೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇವಳನ್ನು ಹೋಲುವ ಗೊಂಬೆಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ದನ್‌ನಲ್ಲಿ ಸಿಕ್ಕಿವೆ. ಪುಣೆ, ಮುಂಬಯಿಯಿಂದ ಹೋದ ನಾವು ಇವಳೊಬ್ಬಳನ್ನು ಮಾತಾಡಿಸದೆ ಬರುವುದೇ? ಅವ್ವ ಹತ್ತು ನಿಮಿಷ ಕದಲಲಿಲ್ಲ.

ಇನ್ನು ಊಟದ ನೆಪ. ಸಸ್ಯಾಹಾರಿಗಳಿಗೆ ಏನೂ ಸಿಗುವುದಿಲ್ಲವಂತೆ! ವಿಯಾ ದೇಯ್ ತ್ರಿಬುನಾಲಿಯಲ್ಲಿ ಮರಿನಾರಾ ಪಿಜ್ಜಾ ಕೇಳಿ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ. ಚೀಸ್ ಕೂಡ ಇರುವುದಿಲ್ಲ. ಈ ಊರಿನ ಪಿಜ್ಜಾ ಕಲೆಯನ್ನು 2017ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಅದನ್ನು ಬಿಟ್ಟು ಹಡಗಿನ ಬಫೆಯ ತಣ್ಣನೆ ಪನೀರಿಗೆ ಓಡಿ ಬರುವವರಿಗೆ ಏನು ಹೇಳಲಿ?

ನಿಜವಾದ ಆಕ್ಷೇಪ ಒಂದೇ: ಹಡಗು ಕಾಯುವುದಿಲ್ಲ. ಸರಿ. ತನ್ನ ಬಸ್ಸು ತಡವಾದರೆ ಕಾಯುತ್ತದೆ, ನಿಮಗಾಗಿ ಕಾಯುವುದಿಲ್ಲ. ಟಿಕೆಟ್ಟಿನ ಜೊತೆ ಮಾರುವುದು ಈ ಭಯವನ್ನೇ. ರೋಮ್ ನೋಡಲು ಚಿವಿತಾವೆಕ್ಕಿಯಾದಲ್ಲಿ ಇಳಿದರೆ ಊರು 70 ಕಿಲೋಮೀಟರಿಗೂ ದೂರ. ಅಲ್ಲಿ ಧೈರ್ಯ ಸಾಲದವರು ಬಸ್ಸು ಹತ್ತಲಿ, ನನ್ನ ತಕರಾರಿಲ್ಲ. ನಡೆದೇ ಮರಳಬಹುದಾದ ನೇಪಲ್ಸ್‌ನಲ್ಲಿ ಭಯವೇಕೆ? ಹಡಗಿನ ಗಡಿಯಾರಕ್ಕೂ ಊರಿನ ಗಡಿಯಾರಕ್ಕೂ ವ್ಯತ್ಯಾಸವಿದೆಯೇ ನೋಡಿಕೊಳ್ಳಿ, ಬಂದರಿನ ಏಜೆಂಟರ ಫೋನ್ ನಂಬರು ಬರೆದಿಟ್ಟುಕೊಳ್ಳಿ, ಹತ್ತಬೇಕಾದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಕೋಟೆಯ ಹತ್ತಿರ ಬಂದು ಕೂತುಕೊಳ್ಳಿ.

ಈ ಊರುಗಳಿಗೆ ನಮ್ಮ ಮೇಲೆ ಸಿಟ್ಟೂ ಇದೆ. ವೆನಿಸ್‌ನ ಜೂದೆಕ್ಕಾ ಕಾಲುವೆ 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳಿಗೆ ಮುಚ್ಚಿತು. ಸಾವಿರಾರು ಜನ ಬಂದು, ಬೀದಿ ತುಂಬಿ, ಹಡಗಿನಲ್ಲೇ ಉಂಡು ಮಲಗಿದರೆ ಊರಿಗೆ ಏನು ದಕ್ಕಿತು? ಬಸ್ಸಿನ ಹಣದಲ್ಲಿ ಹಡಗಿನ ಕಂಪನಿಗೂ ಪಾಲು, ಆಭರಣದಂಗಡಿಯಲ್ಲಿ ಇನ್ಯಾರದೋ ಕಮಿಷನ್ನು. ಓಣಿಯ ಪಿಜ್ಜಾದವನಿಗೆ, ಕಾಫಿಯವನಿಗೆ ಕಾಸೂ ಇಲ್ಲ.

ಕಾಫಿ ಅಂದಾಗ ನೆನಪಾಯಿತು. ನೇಪಲ್ಸ್‌ನಲ್ಲಿ 'ಕಫೆ ಸೊಸ್ಪೆಸೊ' ಅಂತ ಒಂದು ರೂಢಿ ಇದೆ: ಎರಡು ಕಾಫಿಗೆ ದುಡ್ಡು ಕೊಟ್ಟು ಒಂದನ್ನು ಕುಡಿಯುವುದು. ಇನ್ನೊಂದು, ಆಮೇಲೆ ಬರುವ ಕೈಯಲ್ಲಿ ಕಾಸಿಲ್ಲದ ಯಾರಿಗೋ. ಅವ್ವನಿಗೆ ಇದು ಬಹಳ ಹಿಡಿಸಿತು. ತನ್ನ ಎಸ್ಪ್ರೆಸ್ಸೊ ಒಂದು ಗುಟುಕು ಕುಡಿದು ಮುಖ ಕಿವುಚಿದಳು, ಕೌಂಟರಿನಲ್ಲಿ ಎರಡಕ್ಕೆ ದುಡ್ಡಿಟ್ಟು ನನ್ನ ಕಡೆ ತಿರುಗಿದಳು: "ಆ ಬರಾಂವಗ ಸಕ್ಕರಿ ಜಾಸ್ತಿ ಹಾಕು ಅಂತ ಹೇಳು."