ಮಂತ್ರಕ್ಕೆ ಅಡ್ಡ ಬಂದ ಬಾಗಿಲು

ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲವೆಂಬುದು ಹಿರಿಯರ ಮಾತು. ಇಂದಿನ ಮನೆಯ ಪಡಸಾಲೆಯನ್ನು ಕಂಡಿದ್ದರೆ ಅವರು ಆ ಮಾತನ್ನಾಡುವ ಮುನ್ನ ಒಂದು ಕ್ಷಣ ಹಿಂಜರಿಯುತ್ತಿದ್ದರೋ ಏನೋ! ಅಂಗೈಯಲ್ಲಿ ಅಡಗುವ ರಿಮೋಟಿನ ಗುಂಡಿಯೊಂದನ್ನು ಒತ್ತಿದರೆ ಸಾಕು, ಹತ್ತು ಅಡಿ ಆಚೆಗಿರುವ ಟೆಲಿವಿಷನ್ ಕಣ್ದೆರೆಯುತ್ತದೆ. ಧ್ವನಿ ಏರುತ್ತದೆ, ಇಳಿಯುತ್ತದೆ. ಆದರೆ ಇದು ಮಂತ್ರವಲ್ಲ, ಕಿರಣ. ಕಿರಣಕ್ಕೆ ದಾರಿ ಬೇಕು. ಆ ದಾರಿಗೆ ಮರದ ಬಾಗಿಲೊಂದು ಅಡ್ಡ ಬಂದಿತೆಂದರೆ ಮಾವಿನಕಾಯಿ ಮರದಲ್ಲಿಯೇ ಉಳಿಯುತ್ತದೆ.

ಹೋಮ್ ಥಿಯೇಟರ್ ಇರುವ ಮನೆಗಳಲ್ಲಿ ಈ ತೊಡಕು ಸಾಮಾನ್ಯ. ಪರದೆ ಗೋಡೆಯ ಮೇಲಿರುತ್ತದೆ, ಸ್ಪೀಕರುಗಳು ಮೂಲೆಗಳಲ್ಲಿ ನಿಂತಿರುತ್ತವೆ. ಆದರೆ ಆಂಪ್ಲಿಫೈಯರ್, ಡಿಸ್ಕ್ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಮೊದಲಾದ ಪೆಟ್ಟಿಗೆಗಳೂ ಅವುಗಳ ತಂತಿಯ ಗೋಜಲೂ ಕಣ್ಣಿಗೆ ಹಿತವಲ್ಲ. ಧೂಳಿನ ಭಯ ಬೇರೆ, ಪುಟ್ಟ ಮಕ್ಕಳ ಕೈಯ ಭಯ ಬೇರೆ. ಆದುದರಿಂದ ಗೃಹಿಣಿ ಅವನ್ನೆಲ್ಲ ಕಪಾಟಿನೊಳಗಿಟ್ಟು ಬಾಗಿಲು ಮುಚ್ಚುತ್ತಾಳೆ. ಕೋಣೆ ಚೆಲುವಾಗುತ್ತದೆ, ರಿಮೋಟು ಮೂಕವಾಗುತ್ತದೆ. ಮನೆಯ ಹಿರಿಯಜ್ಜಿ ಗುಂಡಿಯನ್ನು ಒಮ್ಮೆ ಒತ್ತುತ್ತಾಳೆ, ಮತ್ತೊಮ್ಮೆ ಒತ್ತುತ್ತಾಳೆ; ಏನೂ ಆಗದಿರಲು, ತಪ್ಪು ತನ್ನ ಕೈಯದೇ ಇರಬೇಕೆಂದು ಬಗೆದು ಸುಮ್ಮನೆ ರಿಮೋಟನ್ನು ಕೆಳಗಿಡುತ್ತಾಳೆ. ಕುಳಿತವರು ಏಳದಿರಲೆಂದು ಹುಟ್ಟಿದ ಸಾಧನ ಕಡೆಗೆ ಯಾರಾದರೊಬ್ಬರನ್ನು ಎಬ್ಬಿಸಿಯೇ ಬಿಡುತ್ತದೆ.

ಈ ಅಡ್ಡಿ ಎಲ್ಲಿಂದ ಬಂದಿತೆಂದು ತಿಳಿಯಲು ಅಮೆರಿಕದ ಷಿಕಾಗೊ ನಗರದತ್ತ ನೋಡಬೇಕು. ಅಲ್ಲಿನ ಜೆನಿತ್ ಕಂಪೆನಿ 1950ರಲ್ಲಿ 'ಲೇಜಿ ಬೋನ್ಸ್', ಅಂದರೆ 'ಸೋಮಾರಿ' ಎಂಬ ಹೆಸರಿನ ರಿಮೋಟನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಬಾಲದಂತೆ ಉದ್ದನೆಯ ತಂತಿಯಿತ್ತು, ಓಡಾಡುವವರು ಎಡವುವಂತಾಯಿತು. 1955ರಲ್ಲಿ ಅದೇ ಕಂಪೆನಿಯ ಯೂಜೀನ್ ಪೊಲಿ ಎಂಬ ಎಂಜಿನಿಯರ್ ಬೆಳಕನ್ನು ಬಾಣದಂತೆ ಬಿಡುವ 'ಫ್ಲಾಷ್‌ಮ್ಯಾಟಿಕ್' ಎಂಬ ಸಾಧನವನ್ನು ರೂಪಿಸಿದನು. ಪರದೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೆಳಕಿನ ಕಣ್ಣುಗಳು. ಒಂದೊಂದಕ್ಕೆ ಒಂದೊಂದು ಕೆಲಸ. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಆ ಕಣ್ಣುಗಳು ಅಪ್ಪಣೆಯಾಯಿತೆಂದೇ ತಿಳಿಯುತ್ತಿದ್ದವು!

ಆಗ ಮುಂದೆ ಬಂದವನು ವಿಯೆನ್ನಾದಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಬರ್ಟ್ ಆಡ್ಲರ್. ರೇಡಿಯೋ ಅಲೆಗಳನ್ನು ಬಳಸಬಹುದೆಂಬ ವಿಚಾರವೂ ಆಗ ಇತ್ತು. ಆದರೆ ರೇಡಿಯೋ ಅಲೆ ಗೋಡೆಯನ್ನು ದಾಟಿಹೋಗುತ್ತದೆ; ಈ ಮನೆಯವರು ಗುಂಡಿ ಒತ್ತಿದರೆ ನೆರೆಮನೆಯ ಟೆಲಿವಿಷನ್ನಿನಲ್ಲಿ ಚಾನೆಲ್ ಬದಲಾದೀತು. ಆದುದರಿಂದ ಆಡ್ಲರ್ ಮನುಷ್ಯನ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಆರಿಸಿಕೊಂಡನು. 1956ರ 'ಸ್ಪೇಸ್ ಕಮ್ಯಾಂಡ್' ರಿಮೋಟಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಅಲ್ಯೂಮಿನಿಯಂ ಸರಳನ್ನು ಹೊಡೆಯುತ್ತಿತ್ತು. ಆ ನಾದ ಗೋಡೆಯೊಳಗೇ ನಿಲ್ಲುತ್ತಿತ್ತು. ಸುಮಾರು ಕಾಲು ಶತಮಾನ ಈ ಬಗೆ ಬಾಳಿತು. ಬಳಿಕ, 1980ರ ದಶಕದಲ್ಲಿ, ಅವಕೆಂಪು ಕಿರಣ ಅದರ ಸ್ಥಾನಕ್ಕೆ ಬಂದಿತು. ಅದೂ ಗೋಡೆಯನ್ನು ದಾಟದು. ಇಂದು ಅಡ್ಡಿಯೆನಿಸುವ ಈ ಗುಣ ಅಂದು ಕಾವಲಾಗಿತ್ತೆಂಬುದನ್ನು ಮರೆಯಲಾಗದು.

ಅವಕೆಂಪು ಕಿರಣವೆಂದರೇನು? 1800ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಬಣ್ಣಗಳ ಸಾಲಿನಲ್ಲಿ ಕೆಂಪಿನಿಂದಾಚೆಗೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿ ಉಷ್ಣಮಾಪಕವನ್ನಿಟ್ಟನು. ಪಾದರಸ ಏರಿತು. ಕಾಣದ ಬೆಳಕೊಂದು ಅಲ್ಲಿರುವುದು ಹೀಗೆ ತಿಳಿದುಬಂದಿತು. ರಿಮೋಟಿನ ತುದಿಯ ಪುಟ್ಟ ದೀಪ ಸೂಸುವುದು ಇಂತಹ ಬೆಳಕನ್ನೇ. ಬಿಸಿಲಿನಲ್ಲಿಯೂ ಇದು ಇರುವುದರಿಂದ ಗುರುತಿಗಾಗಿ ರಿಮೋಟು ಅದನ್ನು ಸೆಕೆಂಡಿಗೆ ಸುಮಾರು 38,000 ಬಾರಿ ಮಿನುಗಿಸುತ್ತದೆ. ಯಂತ್ರದ ಕಣ್ಣು ಆ ಮಿನುಗನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಅದರ ಬಿಟ್ಟುಬಿಟ್ಟು ಬರುವ ಮಿಡಿತಗಳಿಂದ ಅಪ್ಪಣೆಯನ್ನು ಓದಿಕೊಳ್ಳುತ್ತದೆ. ಗಾಜಿನ ಬಾಗಿಲನ್ನು ಈ ಕಿರಣ ಸಾಮಾನ್ಯವಾಗಿ ಹಾಯ್ದುಹೋಗುತ್ತದೆ. ಬಿಳಿಯ ಗೋಡೆಗೆ ತಗುಲಿ ಹಿಂದಿರುಗಿಯೂ ಬರುತ್ತದೆ. ಮರದ ಹಲಗೆಯ ಮುಂದೆ ಮಾತ್ರ ಅದರ ಆಟ ನಡೆಯದು.

ಇಲ್ಲಿ ನೆರವಿಗೆ ಬರುವುದು ರಿಮೋಟ್ ಎಕ್ಸ್‌ಟೆಂಡರ್. ಇದರ ಕೆಲಸ ದೂತನದು. ಕಪಾಟಿನ ಹೊರಗೆ, ರಿಮೋಟಿಗೆ ಎದುರಾಗಿ, ಗುಂಡಿಯಷ್ಟು ಸಣ್ಣ ಕಣ್ಣೊಂದನ್ನು ಅಂಟಿಸುತ್ತಾರೆ. ಅದು ಕಿರಣವನ್ನು ಹಿಡಿದು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುತ್ತದೆ. ಕಿರಿದಾದ ರಂಧ್ರದ ಮೂಲಕ ಹಾಯ್ದ ತಂತಿ ಆ ಸಂಕೇತವನ್ನು ಒಳಗೆ ಒಯ್ಯುತ್ತದೆ. ಅಲ್ಲಿ ಒಂದೊಂದು ಪೆಟ್ಟಿಗೆಯ ಮುಂಭಾಗಕ್ಕೂ ಅಂಟಿಸಿದ ಪುಟ್ಟ ದೀಪ ಅದೇ ಮಿಡಿತಗಳನ್ನು ಮತ್ತೆ ಕಿರಣವಾಗಿಸಿ ನುಡಿಯುತ್ತದೆ. ಹೊರಗಿನ ಅಪ್ಪಣೆ ಮಾತು ತಪ್ಪದೆ ಒಳಗಿನವರಿಗೆ ಮುಟ್ಟುತ್ತದೆ.

ತಂತಿಯ ಬದಲು ರೇಡಿಯೋ ಅಲೆಯಿಂದ ಸಂದೇಶ ಸಾಗಿಸುವ ಎಕ್ಸ್‌ಟೆಂಡರುಗಳೂ ಉಂಟು. ರಂಧ್ರ ಕೊರೆಯುವ ಶ್ರಮವಿಲ್ಲ, ಕೋಣೆಯಿಂದ ಕೋಣೆಗೂ ಹೋಗುತ್ತದೆ. ಆದರೆ ಆಡ್ಲರನ ಕಾಲದ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ತಲೆಯೆತ್ತುತ್ತದೆ. ಒತ್ತಾಗಿರುವ ಬಹುಮಹಡಿ ಮನೆಗಳಲ್ಲಿ ಈ ಅಲೆ ಗೋಡೆಯಾಚೆಗೂ ಹರಿದೀತು. ಆಚೆಯ ಇನ್ನಾವುದೋ ಅಲೆ ಈಚೆಗೆ ಬಂದು ಗೊಂದಲವನ್ನೂ ಮಾಡೀತು. ಸಮೀಪದ ಕಪಾಟಿಗೆ ತಂತಿಯ ದೂತನೇ ಮೇಲು.

ಕೊಳ್ಳುವ ಮುನ್ನ ನೋಡತಕ್ಕ ಸಂಗತಿಗಳಿವೆ. ಈಚಿನ ಕೆಲವು ರಿಮೋಟುಗಳು ಬ್ಲೂಟೂತಿನಿಂದ ಕೆಲಸ ಮಾಡುತ್ತವೆ. ಅವಕ್ಕೆ ಈ ಸಾಧನ ಬೇಡ. ಮೊಬೈಲ್ ಫೋನಿನ ಕ್ಯಾಮೆರಾದ ಮುಂದೆ ರಿಮೋಟಿನ ಗುಂಡಿ ಒತ್ತಿದಾಗ ತುದಿಯ ದೀಪ ನಸುನೇರಿಳೆಯಾಗಿ ಮಿನುಗಿದರೆ ಅದು ಅವಕೆಂಪಿನದೇ ಎಂದು ತಿಳಿಯಬಹುದು. ಹೊರಗಿನ ಕಣ್ಣಿಗೆ ನೇರ ಬಿಸಿಲು ಬೀಳಬಾರದು. ಒಳಗಿನ ದೀಪಗಳ ಬೆಳಕು ಹೊರಗಿನ ಕಣ್ಣಿಗೆ ಕಾಣಲೂ ಕೂಡದು. ಕಂಡರೆ ದೂತ ತನ್ನ ಮಾತನ್ನು ತಾನೇ ಕೇಳಿ, ಅದನ್ನೇ ಮತ್ತೆ ಮತ್ತೆ ಒಪ್ಪಿಸುತ್ತಾನೆ. ಅಪ್ಪಣೆ ಮುಟ್ಟಿದಾಗ ಕಣ್ಣಿಗೆ ಕಾಣುವಂತೆ ಮಿನುಗುವ ಎಕ್ಸ್‌ಟೆಂಡರನ್ನೇ ಆರಿಸಿದರೆ ಲೇಸು. ಒತ್ತಿದ್ದು ತಲುಪಿತೆಂದು ಅಜ್ಜಿಗೂ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಗಾಳಿ. ದೂತ ಅಪ್ಪಣೆಯನ್ನು ಒಯ್ಯಬಲ್ಲನೇ ಹೊರತು ಉಸಿರನ್ನಲ್ಲ. ಆಂಪ್ಲಿಫೈಯರ್ ಬಿಸಿಯಾಗುವ ಯಂತ್ರ. ಮುಚ್ಚಿದ ಕಪಾಟಿನಲ್ಲಿ ಆ ಬಿಸಿ ಹೊರಹೋಗಲಾರದೆ ಯಂತ್ರದ ಆಯುಸ್ಸನ್ನೇ ಕುಗ್ಗಿಸುತ್ತದೆ. ಬಾಗಿಲು ತೆರೆಯುವ ಅಗತ್ಯ ತಪ್ಪಿದ ಮೇಲೆ ಒಳಗಿನ ಕಾವನ್ನು ಗಮನಿಸುವವರೂ ಇರುವುದಿಲ್ಲ. ಆದುದರಿಂದ ತಂತಿಗೆ ರಂಧ್ರ ಕೊರೆಯುವ ದಿನವೇ ಕಪಾಟಿನ ಹಿಂಬದಿಯಲ್ಲಿ, ಕೆಳಗೊಂದು ಮೇಲೊಂದು, ಗಾಳಿಗಂಡಿಗಳನ್ನೂ ತೆಗೆಸುವುದು ಬುದ್ಧಿವಂತಿಕೆ. ಮರೆಯಲ್ಲಿಟ್ಟ ಯಂತ್ರವನ್ನು ಮರೆತುಬಿಡುವಂತಾಗಬಾರದು.