ಕಸುಬಿನ ಹೆಸರು ಕಿತ್ತುಕೊಂಡರೆ ಸುಮ್ಮನಿರಬೇಕೇ?

ಅಮೆರಿಕದ ನೌಕಾಪಡೆಯಲ್ಲಿ ನಾವಿಕನಿಗೆ ಎರಡು ಗುರುತು. ರೇಟಿಂಗ್ ಎಂದರೆ ಕಸುಬು. ರೇಟ್ ಎಂದರೆ ದರ್ಜೆ. ‘ಗನ್ನರ್ಸ್ ಮೇಟ್ ಸೆಕೆಂಡ್ ಕ್ಲಾಸ್’ ಎಂದೊಡನೆ ಆತ ಫಿರಂಗಿ, ಬಂದೂಕು ನೋಡಿಕೊಳ್ಳುವವನು, ಎರಡನೇ ದರ್ಜೆಯ ಪೆಟಿ ಆಫೀಸರ್ ಎಂದು ತಿಳಿಯುತ್ತದೆ.

2016ರ ಸೆಪ್ಟೆಂಬರ್‌ನಲ್ಲಿ ಮೇಲಧಿಕಾರಿಗಳು 91 ಕಸುಬಿನ ಹೆಸರುಗಳನ್ನು ಒಂದೇ ಏಟಿಗೆ ಅಳಿಸಿದರು. ಎಲ್ಲರೂ ಬರೀ ದರ್ಜೆಯವರು! ನಾವಿಕರು ಬಾಯಿ ಮುಚ್ಚಿ ಕೂರಲಿಲ್ಲ. ಶ್ವೇತಭವನಕ್ಕೆ ಕೊಟ್ಟ ಮನವಿಗೆ ಲಕ್ಷಕ್ಕೂ ಮೀರಿ ಸಹಿ ಬಿದ್ದವು. ಡಿಸೆಂಬರ್ 21ರಂದು ಹೆಸರುಗಳು ವಾಪಸ್ಸು ಬಂದವು.

ಅಚ್ಚುಕೂಟ ನಡೆಸುವ ನನಗೆ ಆ ಸಿಟ್ಟು ಅರ್ಥವಾಗುತ್ತದೆ. ಮೆಷಿನ್‌ಮ್ಯಾನನ್ನೂ ಬೈಂಡರನ್ನೂ ಬರೀ ‘ಕೆಲಸದವರು’ ಎಂದರೆ ಅವರು ಕಲಿತ ವಿದ್ಯೆಗೆ ಬೆಲೆ ಎಲ್ಲಿ? ಸಂಬಳದ ಪಟ್ಟಿಗೆ ದರ್ಜೆ ಸಾಕು. ದುಡಿಯುವ ಮನುಷ್ಯನಿಗೆ ಕಸುಬಿನ ಹೆಸರು ಬೇಕು. ಅದನ್ನು ಯಾರಾದರೂ ಅಳಿಸಲು ಬಂದರೆ, ನೀವೂ ಕೇಳಿ!